ಅಪ್ಪನ ಹೆಸರಿನ ಅಚ್ಚು

ಜೂನ್ 9

ಬಿಳಿಗೈಗೆ,

ಪೆಟ್ಟಿಗೆ ಬಿಚ್ಚುವ ಮೊದಲು ಈ ಕಾಗದ ಓದು. ನೀನು ಯಾವಾಗಲೂ ತಿರುಗುಮುರುಗು.

ಒಳಗೆ ಹತ್ತಿಯಲ್ಲಿ ಸುತ್ತಿದ ಎರಡು ಅಚ್ಚುಗಳಿವೆ, ಮೇಲಿನ ದವಡೆಯದೊಂದು, ಕೆಳಗಿನದೊಂದು. ಅಪ್ಪನವು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಹಾಗೆಂದು ಬರೆದಿದ್ದೇನೆ. ಹೋದ ಡಿಸೆಂಬರಿನಲ್ಲಿ ಅವರ ಹಲ್ಲೆಲ್ಲ ಕೀಳಿಸಬೇಕಾಯಿತು. ಒಂದೊಂದಾಗಿ ನೋಯುವುದಕ್ಕಿಂತ ಒಟ್ಟಿಗೆ ಮುಗಿಸಿಬಿಡೋಣ ಅಂದರು ಡಾಕ್ಟರು. ಆಗ ನಿನಗೆ ಹೇಳಲಿಲ್ಲ. ಹೇಳಿದ್ದರೆ ಕಿತ್ತ ಹಲ್ಲು ವಾಪಸು ಬರುತ್ತಿತ್ತೆ? ಈಗ ವಸಡು ಗಟ್ಟಿಯಾಗಿದೆ, ಹಲ್ಲಿನ ಸೆಟ್ ಮಾಡಿಸಬಹುದಂತೆ. ಇಲ್ಲಿಯ ಲ್ಯಾಬಿಗೆ ಕೊಡುತ್ತೇನೆ ಅಂದರು, ನಾನು ಬಿಡಲಿಲ್ಲ. ಇಪ್ಪತ್ತು ವರ್ಷದಿಂದ ಕಂಡವರ ಬಾಯಿಗೆಲ್ಲ ಹಲ್ಲು ಕೂರಿಸುತ್ತಿರುವ ತಂಗಿ ಇರುವಾಗ ಬೇರೆಯವರ ಕೈಯಲ್ಲಿ ಯಾಕೆ ಮಾಡಿಸಲಿ? ದವಡೆ ಕೂಡುವ ಅಳತೆಯನ್ನೂ ಮೇಣದಲ್ಲಿ ತೆಗೆದು ಅದೇ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ಫೋನು ಮಾಡಬೇಡ. ಗಂಟೆ ಬಾರಿಸಿದರೆ ಅಪ್ಪ ಗಾಬರಿಯಾಗುತ್ತಾರೆ, ನಾನು ಎತ್ತಿದರೆ ಕಿತ್ತುಕೊಳ್ಳುತ್ತಾರೆ. ಹೇಗೂ ಪೆಟ್ಟಿಗೆ ಓಡಾಡಬೇಕಲ್ಲ, ಜೊತೆಗೆ ಕಾಗದವೂ ಓಡಾಡಲಿ. ನಿನ್ನ ಅಕ್ಷರ ನೋಡಿ ಎಷ್ಟು ಕಾಲವಾಯಿತು.

ಅಪ್ಪನ ಮರೆವು ಹಾಗೆಯೇ ಇದೆ. ನನ್ನನ್ನು ಮೇಡಂ ಅನ್ನುತ್ತಾರೆ. ಮೊನ್ನೆ ಸ್ನಾನ ಮಾಡಿಸಿ ತಲೆ ಒರೆಸುತ್ತಿದ್ದೆ, "ಮೇಡಂ, ನಿಮ್ಮ ಮನೇಲಿ ಕಾಯ್ತಿರ್ತಾರೆ, ನೀವಿನ್ನು ಹೊರಡಿ" ಅಂದರು. ಜೀವಮಾನದಲ್ಲಿ ನನ್ನ ಜೊತೆ ಇಷ್ಟು ಮರ್ಯಾದೆಯಿಂದ ಮಾತಾಡಿದ್ದು ಇದೇ ಮೊದಲು.

ಈ ಅವಧಿಗೆ ಶಾಲೆಗೆ ರಜೆ ಹಾಕಿದ್ದೇನೆ, ಅಪ್ಪನನ್ನು ನೋಡಿಕೊಳ್ಳಲು. ನನ್ನ ಹನ್ನೊಂದು ಮಕ್ಕಳು ಬೇರೆ ಟೀಚರ ಬಾಯಿ ನೋಡಿಕೊಂಡು ಕೂತಿವೆ. ಆಕೆ ಮಾತಾಡುವಾಗ ತುಟಿ ಅಲುಗುವುದೇ ಇಲ್ಲವಂತೆ. ಕಿವಿ ಕೇಳಿಸದ ಮಕ್ಕಳಿಗೆ ಟೀಚರ ತುಟಿಯೇ ಪಾಠ, ಅದೇ ಅಲುಗದಿದ್ದರೆ ಹೇಗೆ? ಆದಷ್ಟು ಬೇಗ ಮಾಡಿಕೊಡು.

ನಿನ್ನ ಅಕ್ಕ


ಜೂನ್ 21

ಅಕ್ಕಾ,

ಪೆಟ್ಟಿಗೆ ಸರಿಯಾಗಿ ತಲುಪಿದೆ. ಕಾಗದವನ್ನು ಆಮೇಲೆಯೇ ಓದಿದೆ.

ಅಚ್ಚುಗಳನ್ನು ಕಿಟಕಿಯ ಬಳಿಯ ನನ್ನ ಮೇಜಿನ ಮೇಲಿಟ್ಟು ತುಂಬ ಹೊತ್ತು ನೋಡಿದೆ. ಮುಖ ಕಾಣದೆ ಬಾಯಿಯನ್ನು ಮಾತ್ರ ಕಾಣುವ ಕೆಲಸ ನನ್ನದು. ಎಷ್ಟೋ ಸಾವಿರ ಬಾಯಿಗಳನ್ನು ನೋಡಿದ್ದೇನೆ, ಕೆಲಸಕ್ಕೆಂದು ನಮ್ಮ ಮನೆಯದು ಬಂದದ್ದು ಇದೇ ಮೊದಲು. ದವಡೆ ನಾನು ನೆನಪಿಟ್ಟುಕೊಂಡಿದ್ದಕ್ಕಿಂತ ಚಿಕ್ಕದಾಗಿದೆ. ವಯಸ್ಸಾದರೆ ಮನುಷ್ಯ ಹೀಗೆ ಒಳಗಿನಿಂದಲೇ ಕುಗ್ಗುತ್ತಾನೇನೋ. ಆದರೆ ಎಂಬತ್ತೆರಡಕ್ಕೆ ಮೂಳೆ ಆಶ್ಚರ್ಯವಾಗುವಷ್ಟು ಚೆನ್ನಾಗಿದೆ. ನೀನು ಅವರನ್ನು ಚೆನ್ನಾಗಿ ನೋಡಿಕೊಂಡಿದ್ದೀಯೆ ಎಂದುಕೊಂಡೆ. ನಾನು ಏನೂ ಮಾಡಲಿಲ್ಲ ಎಂದೂ ಅನ್ನಿಸಿತು.

ನಿನಗೆ ನೆನಪಿದೆಯೆ, ನಾನು ಕಲಿಯುತ್ತಿದ್ದಾಗ ರಜೆಗೆ ಬಂದು ಮನೆಯವರೆಲ್ಲರ ಬಾಯಿಗೂ ಅಚ್ಚಿನ ಪೇಸ್ಟು ತುಂಬಿದ್ದು? ಅಪ್ಪ ಕಣ್ಣು ಮುಚ್ಚಿ ಕೂತಿದ್ದರು, ಅಮ್ಮನಿಗೆ ನಗು ತಡೆಯಲಾಗಲಿಲ್ಲ, ನೀನು ಸಿಂಕಿಗೆ ಓಡಿ ವಾಂತಿ ಮಾಡಿಕೊಂಡೆ. ಅಚ್ಚಿನ ಪುಡಿ ಮೆತ್ತಿದ ನನ್ನ ಕೈ ನೋಡಿ ನೀನು ಬಿಳಿಗೈ ಎಂದು ಹೆಸರಿಟ್ಟಿದ್ದು ಆಗಲೇ. ಆ ಅಚ್ಚುಗಳು ಈಗಲೂ ನನ್ನ ಮೇಲಿನ ಕಪಾಟಿನಲ್ಲಿವೆ. ಅಪ್ಪನದನ್ನು ಇಳಿಸಿ ಧೂಳು ಒರೆಸಿದೆ. ಮುಂದಿನ ಎರಡು ದೊಡ್ಡ ಹಲ್ಲು, ನಡುವೆ ಆ ಸಂದು, ಬಲಗಡೆಯ ಹಲ್ಲಿನ ಮುರಿದ ಮೂಲೆ. ನಮ್ಮಿಬ್ಬರಿಗೂ ಅಮ್ಮನ ಸಣ್ಣ ಹಲ್ಲುಗಳೇ ಬಂದವು. ಆ ಸಂದು ಅಪ್ಪನ ಜೊತೆಗೇ ಮುಗಿಯುತ್ತದೆ. ಹಾಗಾಗಿ ಹೊಸ ಸೆಟ್ಟಿನಲ್ಲೂ ಅದನ್ನು ಇದ್ದ ಹಾಗೆಯೇ ಇಟ್ಟಿದ್ದೇನೆ. ಮೇಣದಲ್ಲಿ ಹಲ್ಲು ಜೋಡಿಸಿ ಕಳಿಸುತ್ತಿದ್ದೇನೆ. ಬಾಯಲ್ಲಿಟ್ಟು ನೋಡಿ ಡಾಕ್ಟರು ಸರಿ ಅಂದರೆ ಗಟ್ಟಿ ಮಾಡುತ್ತೇನೆ.

ನಮ್ಮ ಲ್ಯಾಬಿನಲ್ಲೊಂದು ಗಾಜಿನ ಕಪಾಟಿದೆ. ಯಾರೂ ತೆಗೆದುಕೊಂಡು ಹೋಗದ ಸೆಟ್ಟುಗಳು ಅದರಲ್ಲಿರುತ್ತವೆ. ಹೆಚ್ಚಿನವರು ಸೆಟ್ ಸಿದ್ಧವಾಗುವಷ್ಟರಲ್ಲಿ ಹೋಗಿಬಿಟ್ಟವರು. ಏಳು ವರ್ಷ ಇಟ್ಟುಕೊಂಡು ಆಮೇಲೆ ಒಡೆಯಬೇಕು, ಅದು ನಿಯಮ. ಮೊದಲೆಲ್ಲ ಅದರ ಮುಂದೆ ಸುಮ್ಮನೆ ಓಡಾಡುತ್ತಿದ್ದೆ. ನಲವತ್ತೈದು ದಾಟಿದ ಮೇಲೆ ನಿಂತು ನೋಡುವ ಹಾಗಾಗಿದೆ. ಅಷ್ಟು ನಾಜೂಕಾಗಿ ಬಣ್ಣ ಹೊಂದಿಸಿ, ಉಜ್ಜಿ, ಹೊಳಪು ಕೊಟ್ಟು, ಕೊನೆಗೆ ನಗುವುದಕ್ಕೆ ಯಾರೂ ಇಲ್ಲ. ಇಷ್ಟೆಲ್ಲ ಯಾಕೆ ಎಂದು ಒಂದೊಂದು ಸಲ ಕೇಳಿಕೊಳ್ಳುತ್ತೇನೆ. ಆಮೇಲೆ ಮುಂದಿನ ಅಚ್ಚಿಗೆ ಕೈ ಹಾಕುತ್ತೇನೆ.

ಒಮ್ಮೆ ಬಂದು ಹೋಗಲೆ? ಬೇಡವಾದರೆ ಬೇಡ ಅನ್ನು.

ನಿನ್ನ ತಂಗಿ


ಜುಲೈ 6

ಬಿಳಿಗೈಗೆ,

ಮೇಣದ ಸೆಟ್ ಇಟ್ಟು ನೋಡಿದೆವು. ಕೂರುವುದು ಚೆನ್ನಾಗಿ ಕೂತಿದೆ. ಆದರೆ ಹಲ್ಲು ದೊಡ್ಡದಾಯಿತಲ್ಲವೆ? ತುಟಿ ಮುಚ್ಚಲು ಸ್ವಲ್ಪ ಹೆಣಗಬೇಕು. ಇನ್ನು ಆ ಸಂದು. ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ ಬೇಕು, ಸಣ್ಣದಾಗಿ, ಒತ್ತಾಗಿ ಜೋಡಿಸಿಬಿಡು. ಡಾಕ್ಟರೂ ಹಾಗೇ ಹೇಳಿದರು.

ಗಾಜಿನ ಕಪಾಟಿನ ವಿಷಯ ಅಪ್ಪನಿಗೆ ಓದಿ ಹೇಳಿದೆ. ಸೆಟ್ ಆದಮೇಲೆ ಮನುಷ್ಯ ಎಷ್ಟು ದಿನ ಹಾಕಿಕೊಂಡರೆ ಮಾಡಿದವರಿಗೆ ಸಮಾಧಾನವಾಗುತ್ತದೆ, ಒಂದು ವರ್ಷ ಸಾಕೆ ಎಂದು ಕೇಳಿದರು. ನೀನೇ ಉತ್ತರ ಕೊಡು.

ಈಗ ಬರಬೇಡ. ಮನೆಗೆ ಸುಣ್ಣ ಹೊಡೆಸಬೇಕು, ಎಲ್ಲ ಚೆಲ್ಲಾಪಿಲ್ಲಿಯಾಗಿದೆ.

ಮಕ್ಕಳು ಬಂದಿದ್ದವು. ತುಟಿಯ ಮುಂದೆ ಕಾಗದದ ಚೂರು ಹಿಡಿದು 'ಪ' ಅನ್ನಿಸುತ್ತೇನಲ್ಲ, ಉಸಿರು ಹೊರಟರೆ ಕಾಗದ ಅಲುಗಬೇಕು. ಹೊಸ ಟೀಚರ ಕಾಗದ ಅಲುಗುವುದಿಲ್ಲ ಎಂದು ಎಲ್ಲರೂ ಒಟ್ಟಿಗೆ ದೂರು. ನಾನು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದುಕೊಂಡೇ ಕೇಳಿಸಿಕೊಂಡೆ, ನೆಗಡಿಯಾಗಿತ್ತು.

ಅಕ್ಕ


ಜುಲೈ 15

ಅಕ್ಕಾ,

ನಿನ್ನ ಕಾಗದ ಓದಿ ಬೇಜಾರಾಯಿತು, ಅದನ್ನು ನೇರವಾಗಿಯೇ ಹೇಳುತ್ತೇನೆ. ಹಲ್ಲು ದೊಡ್ಡದಲ್ಲ, ಅಪ್ಪನ ಅಳತೆಯದೇ. ಹಳೆಯ ಅಚ್ಚಿನ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಾಗದ ಹಾಗೆ ಅಳೆದು ಇಟ್ಟಿದ್ದೇನೆ. ತಿಂಗಳುಗಟ್ಟಲೆ ಬೋಳು ಬಾಯಿಯಲ್ಲಿದ್ದವರಿಗೆ ಯಾವ ಹಲ್ಲಿಟ್ಟರೂ ಮೊದಲು ದೊಡ್ಡದೇ ಅನ್ನಿಸುತ್ತದೆ. ಎರಡು ವಾರದಲ್ಲಿ ತುಟಿ ಒಗ್ಗಿಕೊಳ್ಳುತ್ತದೆ. ಸಂದು ಮುಚ್ಚಿಬಿಡು ಅಂದೆಯಲ್ಲ, ಅದನ್ನು ಮುಚ್ಚಿದರೆ ಆ ಮುಖ ಯಾರದು? ತನ್ನ ಹೆಸರನ್ನೇ ಮರೆತವರಿಗೆ ಕನ್ನಡಿಯಲ್ಲಾದರೂ ಗುರುತು ಸಿಗುವುದು ಬೇಡವೆ?

ಗಟ್ಟಿ ಮಾಡಿ ಕಳಿಸುತ್ತಿದ್ದೇನೆ. ದಿನಕ್ಕೆ ಎರಡು ಗಂಟೆಯಿಂದ ಶುರು ಮಾಡಿ. ಎಲ್ಲಾದರೂ ಒತ್ತಿದರೆ ಜಾಗ ಗುರುತು ಮಾಡಿ ವಾಪಸು ಕಳಿಸು.

ಅಪ್ಪ ಕೇಳಿದ್ದಕ್ಕೆ ಉತ್ತರ: ಒಂದು ವರ್ಷ ಸಾಕು. ಒಂದು ಊಟ, ಒಂದು ನಗು ಆದರೂ ಸಾಕು ಎಂದು ಬರೆಯಬೇಕೆನ್ನಿಸಿತು, ಆದರೆ ಅದು ಸುಳ್ಳು. ನಾನು ಮಾಡಿದ ಸೆಟ್ಟುಗಳ ಮೇಲೆ ನನಗೆ ಆಸೆಯಿದೆ. ಹತ್ತು ವರ್ಷ ಬಾಳಲಿ ಅನ್ನಿಸುತ್ತದೆ. ಅಪ್ಪನಿಗೆ ನಿಜವಾಗಿ ಏನಾಗಿದೆ, ಅಕ್ಕಾ? ಏನನ್ನೂ ಮುಚ್ಚಿಡಬೇಡ. ನಾನು ಎಂದಾದರೂ ನಿನ್ನಿಂದ ಏನನ್ನಾದರೂ ಮುಚ್ಚಿಟ್ಟಿದ್ದೇನೆಯೆ?

ತಂಗಿ


ಆಗಸ್ಟ್ 2

ಬಿಳಿಗೈಗೆ,

ಸೆಟ್ ಬಂತು. ಚೆನ್ನಾಗಿದೆ. ಎಡಗಡೆ ಕೆಳಗೆ ಸ್ವಲ್ಪ ಒತ್ತುತ್ತಿತ್ತು, ಡಾಕ್ಟರು ಇಲ್ಲೇ ಉಜ್ಜಿಕೊಟ್ಟರು. ಹೊಳಪು ನೋಡಿ, ಯಾರು ಮಾಡಿದ್ದು ಎಂದು ಕೇಳಿದರು. ನಮ್ಮ ಮನೆಯ ಹುಡುಗಿ ಅಂದೆ.

ಕನ್ನಡಿ ನೋಡಿಕೊಂಡಾಗ ಅಳು ಬಂತು. ಅಪ್ಪನಿಗೆ.

ಮತ್ತೆ ಬರೆಯುತ್ತೇನೆ.

ಅಕ್ಕ


ಅಕ್ಟೋಬರ್ 19

ಅಕ್ಕಾ,

ಆಗಸ್ಟಿನಿಂದ ಎರಡು ಕಾಗದ ಬರೆದೆ, ಎರಡಕ್ಕೂ ಉತ್ತರವಿಲ್ಲ. ಬೇಡವೆಂದರೂ ಮೂರು ಸಲ ಫೋನು ಮಾಡಿದೆ. ಒಂದು ಸಲ ಯಾರೋ ಎತ್ತಿದರು, ಉಸಿರು ಕೇಳಿಸಿತು, ಇಟ್ಟುಬಿಟ್ಟರು. ಅಪ್ಪ ಎಂದುಕೊಂಡೆ. ಈಗ ಹಾಗೆ ಅಂದುಕೊಳ್ಳಲಾಗುತ್ತಿಲ್ಲ.

ಈ ವಾರ ಲ್ಯಾಬಿನಲ್ಲಿ ಹಳೆಯ ಅಚ್ಚುಗಳನ್ನು ಒಡೆಯುವ ಕೆಲಸ. ಈ ವರ್ಷದವನ್ನು ಹೆಸರು ನೋಡಿ ಕಪಾಟಿಗೆ ಸೇರಿಸುತ್ತಿದ್ದೆ. ಅಪ್ಪನ ಹೆಸರಿನದು ಕೈಗೆ ಬಂತು. ಮನೆಯ ಹಳೆಯ ಅಚ್ಚಿನ ಪಕ್ಕದಲ್ಲೇ ಇರಲಿ ಎಂದು ಎರಡನ್ನೂ ಕೈಯಲ್ಲಿ ಹಿಡಿದೆ.

ಅಂಗುಳಿನ ಮುಂಭಾಗದಲ್ಲಿ, ಹಲ್ಲುಗಳ ಹಿಂದೆಯೇ, ಕೆಲವು ಗೆರೆಗಳಿರುತ್ತವೆ. ನೀರು ಸರಿದು ಹೋದ ಮರಳಿನ ಮೇಲಿರುವಂಥವು. ನಾಲಿಗೆಯಲ್ಲಿ ಮುಟ್ಟಿ ನೋಡು. ಹಲ್ಲು ಹೋದರೂ ಅವು ಹೋಗುವುದಿಲ್ಲ, ಮೂವತ್ತರಲ್ಲಿ ಇದ್ದವೇ ಎಂಬತ್ತರಲ್ಲೂ ಇರುತ್ತವೆ, ಒಬ್ಬರ ಹಾಗೆ ಇನ್ನೊಬ್ಬರಿಗೆ ಇರುವುದಿಲ್ಲ. ಹೆಸರಿನ ಚೀಟಿಯನ್ನು ನಂಬಬೇಡಿ, ಅಂಗುಳನ್ನು ನೋಡಿ ಎಂದು ಲ್ಯಾಬಿಗೆ ಹೊಸದಾಗಿ ಬಂದವರಿಗೆ ಮೊದಲ ದಿನ ಹೇಳಿಕೊಡುವವಳು ನಾನೇ.

ಅಪ್ಪನ ಗೆರೆಗಳು ಮೂರು, ನೇರ. ನೀನು ಜೂನಿನಲ್ಲಿ ಕಳಿಸಿದ ಅಚ್ಚಿನಲ್ಲಿ ಎಡಗಡೆಯದು ಮಧ್ಯದಲ್ಲಿ ಕವಲೊಡೆದಿದೆ. ಕುರ್ಚಿ ಹತ್ತಿ ನಿನ್ನ ಹಳೆಯ ಅಚ್ಚನ್ನು ಇಳಿಸಿದೆ. ಕೈ ಜಾರಿ ಒಂದು ಮೂಲೆ ಮುಕ್ಕಾಯಿತು. ಕವಲು ಮಾತ್ರ ಹಾಗೆಯೇ ಇತ್ತು.

ನಾಲ್ಕು ತಿಂಗಳು ನಿನ್ನ ಬಾಯಿ ನನ್ನ ಮೇಜಿನ ಮೇಲಿತ್ತು, ನಾನು ನೋಡಲಿಲ್ಲ. ಚೀಟಿಯಲ್ಲಿ ಅಪ್ಪ ಎಂದಿತ್ತು, ಅಪ್ಪನನ್ನೇ ಕಂಡೆ. ದವಡೆ ಚಿಕ್ಕದಾಗಿದ್ದಕ್ಕೂ ಮೂಳೆ ಚೆನ್ನಾಗಿದ್ದುದಕ್ಕೂ ನಾನೇ ಕಾರಣ ಹುಡುಕಿಕೊಟ್ಟೆ. ಮಗಳನ್ನೇ ಮೇಡಂ ಅನ್ನುವ ಮನುಷ್ಯ ಒಂದು ವರ್ಷ ಸಾಕೆ ಎಂದು ಕೇಳಿದರೆಂದು ನೀನು ಬರೆದೆ, ನಾನು ಉತ್ತರವನ್ನೂ ಕೊಟ್ಟೆ. ನನಗೆ ಕಾಣಲಿಲ್ಲವೊ, ಕಾಣುವುದು ಬೇಡವಾಗಿತ್ತೊ? ಮೂರು ದಿನದಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ.

ಒಂದೇ ಸಲ ಅಷ್ಟೂ ಹಲ್ಲನ್ನು ಯಾವಾಗ ಕೀಳಿಸುತ್ತಾರೆಂದು ನನಗೆ ಗೊತ್ತು. ಅಂಥ ಅಚ್ಚುಗಳು ಆಸ್ಪತ್ರೆಯಿಂದ ನಮಗೂ ಬರುತ್ತವೆ. ಕ್ಯಾನ್ಸರಿನವರ ಕತ್ತಿಗೆ ಕಿರಣ ಕೊಡುವ ಮುಂಚೆ. ಹೌದೆ? ಒಂದೇ ಪದದಲ್ಲಿ ಬರೆ. ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ?

ತಂಗಿ


ಅಕ್ಟೋಬರ್ 30

ಬಿಳಿಗೈಗೆ,

ಹೌದು.

ಗಂಟಲಿನಲ್ಲಿ. ಡಿಸೆಂಬರಿನಲ್ಲಿ ಹಲ್ಲು, ಜನವರಿಯಿಂದ ಆರೂವರೆ ವಾರ ಕಿರಣ. ಫೋನು ಬೇಡ ಅಂದದ್ದು ಅದಕ್ಕೇ. ಹಲ್ಲಿಲ್ಲದೆ ಮಾತಾಡಿದರೆ ಒಂದೇ ಕ್ಷಣಕ್ಕೆ ಸಿಕ್ಕಿಬೀಳುತ್ತಿದ್ದೆ. ಆ ದಿನ ಫೋನೆತ್ತಿದ್ದು ನಾನೇ. ನೀನು "ಅಪ್ಪಾ, ಅಪ್ಪಾ" ಅಂದೆ. ಏನು ಹೇಳಲಿ?

ಅಪ್ಪನ ಹಲ್ಲು ಒಂದೂ ಬಿದ್ದಿಲ್ಲ. ಸೇಬನ್ನು ಸಿಪ್ಪೆಸಮೇತ ಕಚ್ಚಿ ತಿನ್ನುತ್ತಾರೆ. ಹೋದ ತಿಂಗಳು ಉಗುರು ಕತ್ತರಿಸಲು ಬಂದ ಆಯಾಳ ಕೈಯನ್ನೂ ಕಚ್ಚಿದರು. ಬೇಕಾದರೆ ಆ ಗುರುತಿನ ಅಚ್ಚು ಕಳಿಸುತ್ತೇನೆ ನೋಡು, ಆಕೆಯ ಕೈ ಮೇಲೆ ಸಂದಿನ ಸಮೇತ ಮೂಡಿತ್ತು.

ಯಾಕೆ ಹೇಳಲಿಲ್ಲ ಅಂದೆಯಲ್ಲ. ಅಮ್ಮ ತೀರಿಕೊಂಡ ವಾರ ಅಡುಗೆಮನೆಯಲ್ಲಿ ನೀನು ಪಾತ್ರೆ ತೊಳೆಯುತ್ತಿದ್ದೆ, ನಾನು ಒರೆಸುತ್ತಿದ್ದೆ. ನೀನು ತಿರುಗದೆಯೇ ಅಂದೆ: "ಇನ್ನೊಂದ್ಸಲ ಇದನ್ನ ನೋಡೋಕೆ ನನ್ನ ಕೈಲಾಗಲ್ಲ ಅಕ್ಕ. ಮುಂದೆ ಯಾರಿಗೇ ಏನಾದ್ರೂ, ಎಲ್ಲ ಮುಗಿದ ಮೇಲೆ ಹೇಳು." ನಿನಗೆ ಮರೆತಿರಬಹುದು. ಹೇಳಿದವರು ಮರೆಯುತ್ತಾರೆ. ನಾನು ಆ ಮಾತನ್ನು ನಿಜವೆಂದೇ ತಿಳಿದು ಎತ್ತಿಟ್ಟುಕೊಂಡೆ. ಆದರೆ ಬಾಯಿಗೆ ಬೇರೆ ಯಾರದೋ ಕೈಕೆಲಸ ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ. ಎರಡೂ ಆಗಬೇಕಾದರೆ ಅಪ್ಪನ ಹೆಸರು ಬೇಕಾಯಿತು. ಆ ಹೆಸರಿಗೆ ತಕ್ಕ ಹಲ್ಲೇ ಬರುತ್ತದೆಂದು ಮಾತ್ರ ಹೊಳೆಯಲಿಲ್ಲ. ಎಷ್ಟು ಪೆದ್ದಿ ನೋಡು.

ಸೆಪ್ಟೆಂಬರಿನಲ್ಲಿ ಅದೇ ಹಲ್ಲು ಹಾಕಿಕೊಂಡು ತರಗತಿಗೆ ಹೋದೆ. ಹನ್ನೊಂದು ಜೋಡಿ ಕಣ್ಣು ನನ್ನ ಬಾಯಿಯ ಮೇಲೆ. ಬೇರೆ ಯಾರ ಮುಂದೆಯಾದರೂ ಹಲ್ಲನ್ನು ಬಚ್ಚಿಡಬಹುದು, ಇವರಿಗೆ ಅದೇ ಪುಸ್ತಕ. ನಾವು ವಕೀಲಮ್ಮ ಎಂದು ಕರೆಯುವ ಹುಡುಗಿ ಎದ್ದು ನಿಂತು, ಇದು ಯಾರ ಬಾಯಿ ಎಂದು ಕೈಸನ್ನೆಯಲ್ಲಿ ಕೇಳಿದಳು. ನಮ್ಮಪ್ಪನದು ಎಂದು ಬೋರ್ಡಿನ ಮೇಲೆ ಬರೆದೆ. ಹಾಗಾದರೆ ಅವರೀಗ ಯಾವುದರಲ್ಲಿ ತಿನ್ನುತ್ತಾರೆ ಅಂದಳು. ಆ ಪೀರಿಯಡ್ಡು ಪೂರ್ತಿ ನಗುವುದರಲ್ಲೇ ಹೋಯಿತು. 'ಪ' ಅಂದರೆ ಕಾಗದ ಅಲುಗಿತು. ಸಂದಿನಿಂದ ಸ್ವಲ್ಪ ಜಾಸ್ತಿಯೇ ಅಲುಗಿತು.

ಇನ್ನೊಂದು ಹೇಳಬೇಕು. ಮನೆಗೆ ಬಂದು ಅಪ್ಪನ ಮುಂದೆ ಕೂತು ಅದನ್ನು ನೆನೆಸಿಕೊಂಡು ನಕ್ಕೆ. ಅವರು ಚಮಚ ಕೆಳಗಿಟ್ಟರು. ನನ್ನ ಬಾಯಿಯನ್ನೇ ನೋಡಿದರು, ತಮ್ಮ ಮುಂದಿನ ಹಲ್ಲು ಮುಟ್ಟಿಕೊಂಡರು, ಮತ್ತೆ ನನ್ನದನ್ನು ನೋಡಿದರು. "ನೀನು ನಮ್ಮವಳೇ ಅಲ್ವಾ" ಅಂದರು. ನಾಲ್ಕು ವರ್ಷ ಮೇಡಂ ಅನ್ನಿಸಿಕೊಂಡವಳು ನಾನು. ಯಾರ ಮಗಳು, ಹೆಸರೇನು, ಅದೊಂದೂ ಅವರಿಗೆ ಗೊತ್ತಿಲ್ಲ, ನಮ್ಮವಳು ಅಷ್ಟೇ. ಈಗ ಪ್ರತಿದಿನ ನನ್ನ ಹಲ್ಲು ನೋಡಿದ ಮೇಲೆಯೇ ಊಟಕ್ಕೆ ಕೂರುತ್ತಾರೆ. ನೀನು ಸಣ್ಣ ಹಲ್ಲಿಟ್ಟಿದ್ದರೆ ಇದು ಆಗುತ್ತಿರಲಿಲ್ಲ. ನಿನ್ನ ಹಟಕ್ಕೆ ಇಷ್ಟು ದಿನ ಬೈದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ.

ಇಷ್ಟೆಲ್ಲ ಯಾಕೆ ಎಂದು ನೀನು ಜೂನಿನಲ್ಲಿ ಬರೆದಿದ್ದೆ. ನನಗೂ ಗೊತ್ತಿಲ್ಲ ಕಣೆ. ಕಾಯಿಲೆ ಬಂದವರಿಗೆ ಏನೋ ತಿಳಿಯುತ್ತದೆ ಅನ್ನುತ್ತಾರೆ, ನನಗೆ ಏನೂ ತಿಳಿದಿಲ್ಲ. ಮಧ್ಯಾಹ್ನ ಮೂರು ಗಂಟೆಗೆ, ಒಗೆದ ಬಟ್ಟೆ ಮಡಿಸುವಾಗ, ತುಂಬ ಹೆದರಿಕೆಯಾಗುತ್ತದೆ. ಅಷ್ಟೇ.

ಅದು ಮತ್ತೆ ಬಂದಿದೆ. ನವೆಂಬರ್ ಹದಿನಾಲ್ಕಕ್ಕೆ ಆಪರೇಷನ್. ಧ್ವನಿಪೆಟ್ಟಿಗೆ ತೆಗೆಯುತ್ತಾರೆ. ಬಾ ಎಂದು ನಾನು ಅನ್ನುವುದಿಲ್ಲ. ಬರಬೇಡ ಎಂದೂ ಈ ಸಲ ಅನ್ನುತ್ತಿಲ್ಲ.

ಅಕ್ಕ


ನವೆಂಬರ್ 23
ನಿನ್ನ ಮನೆ, ಊಟದ ಮೇಜು

ಅಕ್ಕಾ,

ಆಸ್ಪತ್ರೆಯಲ್ಲಿ ದಿನಾ ನಾಲ್ಕರಿಂದ ಐದರವರೆಗೆ ನಿನ್ನ ಎದುರಿಗೇ ಕೂತಿರುತ್ತೇನೆ, ಆದರೂ ಬರೆಯಬೇಕಾಗಿದೆ. ಎದುರಿಗೆ ಕೂತರೆ ನಾನು ಹವೆಯ ವಿಷಯ ಮಾತಾಡುತ್ತೇನೆ. ಬೆಳಗಿನ ಪಾಳಿಯ ನರ್ಸ್ ಇದನ್ನು ನಿನಗೆ ಕೊಡುವುದಾಗಿ ಹೇಳಿದ್ದಾರೆ.

ನಿನ್ನೆ ನಿನ್ನ ಮಕ್ಕಳು ಬಂದಿದ್ದಾಗ ನೀನು ಧ್ವನಿಯಿಲ್ಲದೆ ತುಟಿಯಲ್ಲಿ ಏನೋ ಅಂದೆ. ಹಲ್ಲೂ ಇರಲಿಲ್ಲ. ಅವರು ಹಣೆ ಗಂಟಿಕ್ಕಿ ನೋಡಿದರು, ಅರ್ಧ ಓದಿ ನಕ್ಕರು, ಇನ್ನರ್ಧಕ್ಕೆ ಒಬ್ಬರನ್ನೊಬ್ಬರು ಕೇಳಿಕೊಂಡರು. ಆ ಕೋಣೆಯಲ್ಲಿ ಕಿವುಡಿ ನಾನೊಬ್ಬಳೇ. ಹೊರಗೆ ಬಂದಮೇಲೆ ವಕೀಲಮ್ಮ ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟಳು: 'ಟೀಚರ್ ಹೇಳಿದ್ದು, ನನ್ನ ತಂಗಿಗೆ ಊಟ ಮಾಡಲು ಹೇಳಿ, ನಾನು ಹೇಳಿದರೆ ಅವಳು ಕೇಳುವುದಿಲ್ಲ.' ನಿನಗೆ ಮೂಗಿನಲ್ಲಿ ಕೊಳವೆ, ನನ್ನ ಊಟದ ಚಿಂತೆ.

ಅಡುಗೆಮನೆಯಲ್ಲಿ ನಾನು ಅಂದ ಮಾತು ಮರೆತಿರಲಿಲ್ಲ. ನೀನು ಮರೆತಿರುತ್ತೀಯೆ ಎಂದುಕೊಂಡಿದ್ದೆ. ಮುಚ್ಚಿಡಬೇಡ ಎಂದು ಜುಲೈನಲ್ಲಿ ನಿನಗೆ ಬರೆಯುವಾಗಲೂ ಅದು ನೆನಪಿತ್ತು, ಆದರೂ ಬರೆದೆ. ಆ ಮಾತನ್ನು ವಾಪಸು ತೆಗೆದುಕೊಳ್ಳಲು ಬಂದಿದ್ದೇನೆ. ನೋಡಲು ಕೈಲಾಗುತ್ತದೆಯೆ ಎಂದರೆ, ಆಗುವುದಿಲ್ಲ. ಆದರೂ ನೋಡುತ್ತಿದ್ದೇನೆ. ಲ್ಯಾಬಿಗೆ ಎರಡು ತಿಂಗಳು ಬರುವುದಿಲ್ಲವೆಂದು ಹೇಳಿದ್ದೇನೆ.

ಅಪ್ಪ ಸರಿಯಾಗಿ ತಿನ್ನುತ್ತಿಲ್ಲ. ನನ್ನನ್ನು ಮೇಡಂ ಅನ್ನುತ್ತಾರೆ. ಮೊದಲ ದಿನ ನಾನು ನಕ್ಕೆ, ನನ್ನ ಬಾಯಿ ನೋಡಿದರು, ಅಮ್ಮನ ಸಣ್ಣ ಹಲ್ಲುಗಳು, ಮುಖ ತಿರುಗಿಸಿಕೊಂಡರು. ಹೊಟ್ಟೆಕಿಚ್ಚಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ನಾನೇ ಮಾಡಿದ ಹಲ್ಲಿನ ಮೇಲೆ. ಇವತ್ತು ಬೆಳಿಗ್ಗೆ ತಟ್ಟೆ ಸರಿಸಿ, ತಮ್ಮ ಮುಂದಿನ ಹಲ್ಲನ್ನು ಬೆರಳಿನಿಂದ ತಟ್ಟಿ ತೋರಿಸಿದರು. "ಅವಳು ಎಲ್ಲಿ, ನಮ್ಮವಳು?" ಅಂದರು. ಬರುತ್ತಾಳೆ ಅಂದೆ. ನಿಜ ಹೇಳುವವಳೆಂದು ಜಂಬ ಪಡುತ್ತಿದ್ದವಳು ನಾನು. ಅದು ನಿಜವೊ ಅಲ್ಲವೊ ತಿಳಿಯದೆ ಅಂದೆ. ನಿನ್ನೆ ವರಾಂಡದಲ್ಲಿ ಡಾಕ್ಟರು ನನ್ನ ಜೊತೆ ಮಾತಾಡಿದ್ದನ್ನು ನೀನು ಗಾಜಿನಾಚೆಯಿಂದ ನೋಡುತ್ತಿದ್ದೆ. ಅವರ ತುಟಿಯನ್ನು ನೀನು ಓದಿರುತ್ತೀಯೆ, ನಾನು ಮತ್ತೆ ಬರೆಯಬೇಕಾಗಿಲ್ಲ.

ಈಗ ಕೇಳಬೇಕಾದ್ದು. ಬರುವ ಮುಂಚೆ ಒಂದು ವಾರ ಕೂತು ಇನ್ನೊಂದು ಸೆಟ್ ಮಾಡಿದೆ. ನಿನ್ನದೇ ಅಳತೆ, ನಿನ್ನದೇ ಸಣ್ಣ ಹಲ್ಲು, ಸಂದಿಲ್ಲ. ನಿನ್ನ ಹಳೆಯ ಅಚ್ಚನ್ನು ನೋಡಿಕೊಂಡು ಮಾಡಿದ್ದು. ಈ ಸಲ ಮೊದಲು ಅಂಗುಳನ್ನು ನೋಡಿದೆ. ನಾನು ಮಾಡಿದ್ದರಲ್ಲಿ ಇದಕ್ಕಿಂತ ಚೆನ್ನಾಗಿರುವುದು ಇನ್ನೊಂದಿಲ್ಲ. ತುಟಿ ಹೆಣಗದೆ ಮುಚ್ಚುತ್ತದೆ, ಮಾತು ಮಕ್ಕಳಿಗೆ ಸ್ಪಷ್ಟವಾಗಿ ಕಾಣುತ್ತದೆ. ನಿನ್ನ ಮುಖ ನಿನಗೆ ವಾಪಸು ಸಿಗುತ್ತದೆ. ದಿನಕ್ಕೆ ಅರ್ಧ ಗಂಟೆ ಹಾಕಿಕೊಳ್ಳಬಹುದು ಎಂದು ಡಾಕ್ಟರು ಒಪ್ಪಿದ್ದಾರೆ. ಹಳೆಯದು ಇಲ್ಲಿ ಸಿಂಕಿನ ಪಕ್ಕ ನೀರಿನ ಬಟ್ಟಲಿನಲ್ಲಿದೆ, ಹೊಸದು ನನ್ನ ಚೀಲದಲ್ಲಿ.

ನಾಳೆ ನಾಲ್ಕು ಗಂಟೆಗೆ ಯಾವುದನ್ನು ತರಲಿ? ಇದರ ಹಿಂದೆಯೇ ಬರೆದು ನರ್ಸಿನ ಕೈಗೆ ಕೊಡು.

ತಂಗಿ


ನವೆಂಬರ್ 24
(ಅದೇ ಹಾಳೆಯ ಹಿಂಬದಿ, ಪೆನ್ಸಿಲಿನಲ್ಲಿ)

ಸಂದಿರುವುದನ್ನೇ ತಾ. ಅಪ್ಪನನ್ನೂ ಕರೆದುಕೊಂಡು ಬಾ.